ನೂರಾ ಹದಿನೆಂಟು ಚೀಟಿಗಳ ಮನೆ

ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿ ಒಂದು ಮಾದರಿ ಪಟ್ಟಿ ಕೊಡುತ್ತಾರೆಂದು ಕೇಳಿದ್ದೇನೆ. ಸೇಡಂನ ಹಳೆಯ ಊರಿನೊಳಗಿದ್ದ ಒಂದು ವಾಡೆಯ, ಅಂದರೆ ಹೊಲಮನೆಯುಳ್ಳವರ ಹಳೆಯ ದೊಡ್ಡ ಮನೆಯ, ಪಟ್ಟಿ ಅದು. ಬಾಗಿಲು, ಕಂಬ, ತೊಲೆ, ಗೂಡು ಎಂದು ನೂರಾ ಹದಿನೆಂಟು ವಸ್ತುಗಳಿಗೆ ಕ್ರಮಸಂಖ್ಯೆ, ಅಳತೆ, ಸ್ಥಿತಿ, ದರ್ಜೆ ಬರೆದಿದೆ. ಹಳೆಯ ಮನೆಯನ್ನು ದಾಖಲಿಸುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಎಂದು ಹೇಳಿಕೊಡುತ್ತಾರೆ. ಆ ಪಟ್ಟಿ ಬರೆದವಳು ನಾನು. ಆ ಮನೆ ಈಗ ಇಲ್ಲ. ಅದು ಇಲ್ಲವಾದದ್ದಕ್ಕೂ ಆ ಪಟ್ಟಿಗೂ ಏನು ಸಂಬಂಧ ಎಂಬುದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ನನಗೆ ಮೂವತ್ತಾರು. ಆದರೆ ಹನ್ನೊಂದು ವರ್ಷ ಮಾಡಿದ ಕೆಲಸ ನಿಂತಿದೆ, ಆ ಹುದ್ದೆ ರದ್ದಾಗಿದೆ, ಮತ್ತೆ ಅಂಥ ಕೆಲಸಕ್ಕೆ ಹೋಗುವ ಮನಸ್ಸು ನನಗಿಲ್ಲ. ಈಗ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಪುಸ್ತಕಗಳಿಗೆ ಸಂಖ್ಯೆ ಹಾಕುತ್ತೇನೆ. ಪುಸ್ತಕಕ್ಕೆ ಸಂಖ್ಯೆ ಹಾಕಿದರೆ ಯಾರಿಗೂ ಕೇಡಾಗುವುದಿಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ ವರ್ಷ ಒಂದು ಟ್ರಸ್ಟಿನವರು ಶಹಾಬಾದಿನಲ್ಲಿ ಹಳೆಯ ಕಲ್ಲುಮನೆಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಅಲ್ಲಿಂದ ಭಾನುವಾರಕ್ಕೊಮ್ಮೆ ಜನರನ್ನು ಕರೆದುಕೊಂಡು ಹೋಗಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಹಳೆಯ ಮನೆಗಳನ್ನು ತೋರಿಸುವುದು ಅವರ ಯೋಜನೆ. ಇಂಥ ಮನೆಗಳನ್ನು ಹುಡುಕುವುದು, ಮಾಲೀಕರನ್ನು ಒಪ್ಪಿಸುವುದು, ಪಟ್ಟಿ ಮಾಡುವುದು, ಬಂದವರಿಗೆ ವಿವರಿಸುವುದು ನನ್ನ ಕೆಲಸ. ನನ್ನ ಮೇಲೆ ಇದ್ದವರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು, ಬೆಂಗಳೂರು ಕಡೆಯವರು. ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ.

ನನ್ನ ಮೊದಲ ತಪ್ಪು ಮೊದಲ ಭಾನುವಾರವೇ ಆಯಿತು. ಸಂಗ್ರಹಾಲಯದ ನೆಲಕ್ಕೆ ಹಾಸಿದ ಪರಸಿಗಳನ್ನು, ಅಂದರೆ ಚಪ್ಪಡಿ ಕಲ್ಲುಗಳನ್ನು, ತೋರಿಸಿ, "ಇವನ್ನು ಉಳಿಯಿಂದ ಕಡೆದು ಹೀಗೆ ಸಮತಟ್ಟು ಮಾಡಿದ್ದಾರೆ" ಎಂದು ಹೇಳಿದೆ. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಮುದುಕರು ನಕ್ಕರು. ಖಾಜಾಸಾಬ್ ಎಂದು ಅವರ ಹೆಸರು. ಹರೆಯದಿಂದ ಕಲ್ಲಿನ ಖಣಿಯಲ್ಲಿ ದುಡಿದವರು.

"ಯಾವ ಉಸ್ತಾದ ಕಲಿಸ್ಯಾನವಾ ನಿನಗ ಇದು?" ಎಂದರು. "ಶಾಬಾದಿ ಕಲ್ಲು ಯಾರೂ ಕಡಿಯಂಗಿಲ್ಲ. ಭೂಮ್ಯಾಗ ಅದು ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ ಇರ್ತದ. ನಾವು ಬಿಡಿಸೋದು, ಅಷ್ಟೇ."

ಆಮೇಲೆ ಅವರು ಕೋಲಿನ ತುದಿಯಿಂದ ಒಂದೊಂದೇ ಪರಸಿಯನ್ನು ಬಡಿದು ಸದ್ದು ಕೇಳಿಸಿದರು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಪದರ ಬಿಟ್ಟಿದೆ. ಬಂದವರೆಲ್ಲ ನನ್ನನ್ನು ಬಿಟ್ಟು ಅವರ ಹಿಂದೆ ಹೋದರು. ಅಂದು ಸಂಜೆ ನಾನು ಬರೆದ ವಿವರಣೆಯನ್ನು ಹರಿದು ಹೊಸದು ಬರೆದೆ. ಅವಮಾನವಾಗಿತ್ತು, ಆದರೆ ಅಂಥ ತಪ್ಪು ಒಳ್ಳೆಯದು. ಅದನ್ನು ತಿದ್ದಬಹುದು.

ಎರಡನೆಯದನ್ನು ತಿದ್ದಲಾಗಲಿಲ್ಲ. ಚಿಂಚೋಳಿಯ ಒಂದು ಮನೆಯ ಪಡಸಾಲೆಯ ಗೋಡೆಯಲ್ಲಿ ಯಾರೋ ಹಿಂದೆ ಬರೆದ ಚಿತ್ರಗಳಿದ್ದವು. ಕುದುರೆ ಏರಿದವರು, ನವಿಲು, ನೀರು ತರುವ ಹೆಂಗಸರ ಸಾಲು. ಚಿತ್ರಗಳು ಅರ್ಧದಷ್ಟು ಮಾತ್ರ ಉಳಿದಿದ್ದವು. ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಮುಂದಿನ ವಾರ ದೊಡ್ಡ ಸರ್ ಜೊತೆ ಬರುತ್ತೇವೆ ಎಂದು ಮನೆಯವರಿಗೆ ಫೋನ್ ಮಾಡಿ ಹೇಳಿದೆ. ಸೌಜನ್ಯವೆಂದುಕೊಂಡಿದ್ದೆ.

ನಾವು ಹೋದಾಗ ಗೋಡೆ ಹಸಿರಾಗಿತ್ತು. ಮೇಲಿನಿಂದ ಕೆಳಗಿನ ತನಕ ಹೊಳೆಯುವ ಎಣ್ಣೆ ಬಣ್ಣ. ಮನೆಯ ಯಜಮಾನರು ಬಾಗಿಲಲ್ಲೇ ನಿಂತು ಕೈ ಮುಗಿದರು.

"ದೊಡ್ಡ ಮಂದಿ ಬರ್ತಾರಂತ ಹೇಳಿದ್ರೆಲ್ರಿ ಮೇಡಮ್. ಗ್ವಾಡಿ ಭಾಳ ಹೊಲಸಾಗಿತ್ತು. ಎರಡು ದಿವಸ ಮಂದಿ ಹಚ್ಚಿ ಬಣ್ಣ ಹೊಡಸೀವಿ. ಛಲೋ ಕಾಣಸ್ತದಿಲ್ರಿ?"

ಛಲೋ ಕಾಣಿಸುತ್ತದೆ ಎಂದೆ. ಬೇರೆ ಏನು ಹೇಳಲಿ? ಮನೆಗೆ ಅತಿಥಿಗಳು ಬರುತ್ತಾರೆಂದರೆ ನಮ್ಮ ಮನೆಯಲ್ಲೂ ಸುಣ್ಣ ಬಳಿಯುತ್ತಾರೆ. ಅವರ ಮಗಳು ಉಪ್ಪಿಟ್ಟು, ಚಹಾ ತಂದುಕೊಟ್ಟಳು. ದೊಡ್ಡ ಸರ್ ತಟ್ಟೆ ಖಾಲಿ ಮಾಡಿ ಎದ್ದರು. ಜೀಪು ಸುಲೇಪೇಟ ದಾಟಿದ ಮೇಲೆ, "ಮೊದಲು ಪಟ್ಟಿ, ಆಮೇಲೆ ಸೌಜನ್ಯ. ಇನ್ನು ಮುಂದೆ ಮನೆ ನೋಡಿದ ದಿನವೇ ಎಲ್ಲ ಬರೆದುಕೊಂಡು ಬನ್ನಿ" ಎಂದರು. ನನ್ನ ಪಟ್ಟಿಯ ಹಟ ಶುರುವಾದದ್ದು ಅಲ್ಲಿಂದ.

ವಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ರೈಲ್ವೆ ಗುತ್ತಿಗೆದಾರರೊಬ್ಬರು ಕಟ್ಟಿಸಿದ ಮನೆಯನ್ನು ಎರಡು ವರ್ಷ ತೋರಿಸಿದೆವು. ಬರುತ್ತಿದ್ದವರು ರೈಲು ತಪ್ಪಿದವರು, ರೈಲು ತಡವಾದವರು. ಒಮ್ಮೆ ಒಬ್ಬರು ಇಡೀ ಮನೆಯನ್ನು ಬಹಳ ಗಮನವಿಟ್ಟು ನೋಡಿ, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ "ಇಲ್ಲಿ ಫೋನ್ ಚಾರ್ಜ್ ಮಾಡ್ಲಿಕ್ಕ ಪಾಯಿಂಟ್ ಎಲ್ಲದ್ರಿ?" ಎಂದು ಕೇಳಿದರು. ನನಗೂ ನಗು ಬಂತು. ಮೂರನೆಯ ವರ್ಷ ಆ ಮನೆಯ ಮುಂಭಾಗದಲ್ಲಿ ಮೊಬೈಲ್ ಅಂಗಡಿಗಳಾದವು. ಚಿತ್ತಾಪುರದಲ್ಲಿ ಎರಡು ಮನೆಗಳನ್ನು ಪಟ್ಟಿ ಮಾಡಿದ್ದೆವು. ಒಂದು ಮಳೆಗೆ ಕುಸಿಯಿತು, ಇನ್ನೊಂದು ರಸ್ತೆ ಅಗಲವಾಗುವಾಗ ಹೋಯಿತು.

ಕೆಲಸದ ರೀತಿಯೂ ಬದಲಾಗುತ್ತಿತ್ತು. ನಾನು ಸೇರಿದಾಗ ಇಬ್ಬರು ಟೇಪು ಹಿಡಿದು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆಯುತ್ತಿದ್ದೆವು. ಆಮೇಲೆ ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ಅಳತೆ ಹೇಳುವ ಯಂತ್ರ ಬಂತು. ಈಗ ಫೋನನ್ನು ಸುತ್ತಲೂ ತಿರುಗಿಸಿದರೆ ಇಡೀ ಕೋಣೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆಯಂತೆ. ಟೇಪು ಹಿಡಿಯಬೇಕಾದರೆ ಮನೆಯವರು ಯಾರಾದರೂ ಇನ್ನೊಂದು ತುದಿ ಹಿಡಿಯಬೇಕಿತ್ತು. ಹಿಡಿದುಕೊಂಡು ಅವರು ಏನಾದರೂ ಹೇಳುತ್ತಿದ್ದರು. ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಹಾಗೆ ಕೇಳಿದ್ದು.

ಸೇಡಂನ ವಾಡೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದವರು ಗುರಮ್ಮ.

ಗುರಮ್ಮನಿಗೆ ಆಗ ಅರವತ್ತರ ಆಚೆ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವರು, ಅಂದಿನಿಂದ ಆ ಮನೆಯಲ್ಲೇ ಇದ್ದರು. ತಮ್ಮ ಬಸಣ್ಣ ಬಸ್ ನಿಲ್ದಾಣದ ಹತ್ತಿರ ಪಂಪು, ಪೈಪಿನ ಅಂಗಡಿ ಇಟ್ಟುಕೊಂಡು ಅದರ ಮೇಲೆಯೇ ಮನೆ ಕಟ್ಟಿಸಿಕೊಂಡಿದ್ದರು. ವಾಡೆ ಖಾಲಿ ಇರಲಿಲ್ಲ. ಪಡಸಾಲೆಯಲ್ಲಿ ಅಂಗನವಾಡಿ ನಡೆಯುತ್ತಿತ್ತು, ಹೊರಗಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ. ಬೆಳಿಗ್ಗೆ ಹತ್ತಕ್ಕೆ ಹೋದರೆ ಒಂದು ಕಡೆ ಮಕ್ಕಳ ಅಳು, ಇನ್ನೊಂದು ಕಡೆ ಗಿರಣಿಯ ಸದ್ದು, ನಡುವೆ ಮೈಮೇಲೆ ಹಿಟ್ಟಿನ ಧೂಳು ಬಿದ್ದ ಗುರಮ್ಮ. ಇಡೀ ಮನೆಯ ಕೀಲಿ ಅವರ ಸೊಂಟದಲ್ಲಿತ್ತು.

"ಮದವಿ ಆಗ್ಯಾದೇನವಾ?" ಎಂದು ಮೊದಲ ದಿನವೇ ಕೇಳಿದರು.

"ಇಲ್ರಿ."

"ಛಲೋ ಆತು. ಪಟ್ಟಿ ಬರಿಯಾಕ ಟೈಮ್ ಸಿಗತದ."

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಈ ಕೆಲಸದಲ್ಲಿ ನಾನು ಹೋದ ಮನೆಗಳಲ್ಲೆಲ್ಲ ಎರಡನೆಯ ಸಲ ಅದನ್ನು ಕೇಳದವರು ಅವರೊಬ್ಬರೇ.

ವಸ್ತುಗಳಿಗೆ ಚೀಟಿ ಕಟ್ಟುವ ಪದ್ಧತಿ ದೊಡ್ಡ ಸರ್ ಕಲಿಸಿದ್ದು. ಮೊಳೆ ಹೊಡೆಯಬಾರದು, ಅಂಟು ಹಚ್ಚಬಾರದು. ದಪ್ಪ ಕಾಗದದ ಚೀಟಿಗೆ ತೂತು ಮಾಡಿ, ಹತ್ತಿಯ ದಾರ ಪೋಣಿಸಿ ಕಟ್ಟಬೇಕು. ಚೀಟಿಯ ಮೇಲೆ ಸಂಖ್ಯೆ ಮಾತ್ರ. ಪಟ್ಟಿಯಲ್ಲಿ ಅಳತೆ, ಮರದ ಜಾತಿ, ಸ್ಥಿತಿ. ಕೊನೆಯ ಅಂಕಣದಲ್ಲಿ ದರ್ಜೆ: ಬಹಳ ಅಪರೂಪದ್ದಕ್ಕೆ 'ಅ', ಒಳ್ಳೆಯದಕ್ಕೆ 'ಆ', ಉಳಿದದ್ದಕ್ಕೆ 'ಇ'. ದುರಸ್ತಿಯ ಸಮಯದಲ್ಲಿ ಯಾವುದನ್ನು ಮೊದಲು ಕಾಪಾಡಬೇಕೆಂದು ಕೆಲಸಗಾರರಿಗೆ ತಿಳಿಯಲಿ ಎಂಬುದು ಉದ್ದೇಶ. ಹತ್ತು ದಿನ ನಾನು ಮತ್ತು ಗುರಮ್ಮ ಚೀಟಿ ಕಟ್ಟಿದೆವು. ಅಂಗನವಾಡಿಯ ಮಕ್ಕಳು ಕೆಳಗಿನ ಚೀಟಿಗಳನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವನ್ನು ಮತ್ತೆ ಬರೆದು ಕಟ್ಟುತ್ತಿದ್ದೆ.

ತೊಂಬತ್ತನಾಲ್ಕನೆಯ ಚೀಟಿ ಹಿತ್ತಲ ಬಾಗಿಲಿಗೆ. ಜಾಲಿಯ ಮರದ್ದು, ಕುಳ್ಳು, ನಾನೂ ಬಗ್ಗಬೇಕಾಗಿತ್ತು. ನಮ್ಮದು ಇದೇ ಸೇಡಂ ತಾಲ್ಲೂಕಿನ ಮುಧೋಳ ಹೋಬಳಿಯ ಹಳ್ಳಿ, ಬೌದ್ಧರಾದ ದಲಿತರ ಮನೆ. ನಮ್ಮಜ್ಜಿ ಸುಗ್ಗಿಯ ಕಾಲದಲ್ಲಿ ಇಂಥ ವಾಡೆಗಳ ಹೊಲದಲ್ಲಿ ದುಡಿದು, ಇಂಥ ಹಿತ್ತಲ ಬಾಗಿಲಲ್ಲಿ ಸೆರಗೊಡ್ಡಿ ಜೋಳ ಹಾಕಿಸಿಕೊಂಡವಳು. ಇದೇ ಮನೆಯೋ ಬೇರೆಯೋ ಗೊತ್ತಿಲ್ಲ, ಕೇಳಲು ಅವಳಿಲ್ಲ. ನಾನು ಎತ್ತರ, ಅಗಲ ಬರೆದುಕೊಂಡೆ. 'ಇ' ದರ್ಜೆ ಎಂದು ಬರೆದೆ.

"ಯಾವೂರು ಅಂದಿ ನಿಮ್ದು?" ಎಂದು ಗುರಮ್ಮ ಟೇಪು ಸುತ್ತುತ್ತ ಕೇಳಿದರು. ಹಳ್ಳಿಯ ಹೆಸರು ಹೇಳಿದೆ. ಅವರು ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದರು. "ಬಾ, ಚಾ ಕುಡಿಯಮು" ಎಂದು ಒಳಗೆ ಕರೆದುಕೊಂಡು ಹೋಗಿ, ಅಡುಗೆಮನೆಯಲ್ಲಿ ತಾವು ಕುಡಿಯುವಂಥದೇ ಸ್ಟೀಲಿನ ಲೋಟದಲ್ಲಿ ಕೊಟ್ಟು ಎದುರಿಗೆ ಕೂತರು. ಅವರಿಗೆ ತಿಳಿಯಿತೋ ಇಲ್ಲವೋ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಇಂಥ ಮನೆ ಉಳಿಯಬೇಕೆಂದು ನಾನೇಕೆ ಇಷ್ಟು ಒದ್ದಾಡಿದೆ ಎಂದು ಮನೆಯಲ್ಲಿ ಅಣ್ಣ ಕೇಳಿದ್ದಾನೆ. ಆ ಮನೆ ಬಿದ್ದರೆ ಆ ಕುಳ್ಳು ಬಾಗಿಲೂ ಬೀಳುತ್ತದೆ, ಆಮೇಲೆ ಅದು ಇತ್ತು ಎಂದರೆ ಯಾರೂ ನಂಬುವುದಿಲ್ಲ ಎಂದು ಹೇಳಿದೆ. ಭಾನುವಾರದ ಗುಂಪನ್ನು ಮಾತ್ರ ನಾನು ಆ ಕಡೆ ಒಂದು ದಿನವೂ ಕರೆದೊಯ್ಯಲಿಲ್ಲ.

ಗುಂಪು ಬಂದಾಗ ವಿವರಣೆಯನ್ನು ಗುರಮ್ಮ ನನ್ನ ಬಾಯಿಂದ ಕಿತ್ತುಕೊಳ್ಳುತ್ತಿದ್ದರು. ಅಂಗಳದ ಹಗೇವು, ಅಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ಅವರಿಗೆ ಅಚ್ಚುಮೆಚ್ಚು. ಬಾಯಿಯ ಕಲ್ಲು ಸರಿಸಿ ಹೇಳುತ್ತಿದ್ದರು: "ಇದನ್ನ ತಗದ ಕೂಡ್ಲೇ ಮನಷ್ಯಾ ಇಳಿಬಾರ್ದು. ಮೊದಲ ದೀಪಾ ಇಳಿಬಿಡಬೇಕು. ದೀಪಾ ಆರ್ತು ಅಂದ್ರ ಒಳಗ ಕೆಟ್ಟ ಗಾಳಿ ಅದ ಅಂತ. ಬಾಯಿ ತೆರದಿಟ್ಟು ಮನಿಗಿ ಹೋಗಬೇಕು, ನಾಳಿ ಬರಬೇಕು."

ಕಲಬುರಗಿಯಿಂದ ಬಂದಿದ್ದ ಒಬ್ಬರು, "ಇದ್ರಾಗ ಬಂಗಾರ ಗಿಂಗಾರ ಇಟ್ಟಿದ್ರೇನ್ರಿ ಅಮ್ಮಾ?" ಎಂದರು.

"ಇಟ್ಟಿದ್ರ ನಾ ಇಲ್ಲಿ ನಿಂತು ನಿಮಗ ಹಗೇವು ತೋರಸ್ತಿದ್ದಿನೇನು?"

ಎರಡು ವರ್ಷ ಹೀಗೆ ನಡೆಯಿತು. ನನ್ನ ಹನ್ನೊಂದು ವರ್ಷಗಳಲ್ಲಿ ಸಂತೋಷ ಎನ್ನಬಹುದಾದದ್ದು ಅಷ್ಟೇ. ನಂತರದ ಮಳೆಗಾಲದಲ್ಲಿ ಪಡಸಾಲೆಯ ಮೇಲಿನ ಮಣ್ಣಿನ ಮಾಳಿಗೆ ಸೋರತೊಡಗಿತು. ಅಂಗನವಾಡಿಯವರು ಬೇರೆ ಜಾಗ ನೋಡುತ್ತೇವೆ ಎಂದರು. ಗುರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮಕ್ಕಳು ಹ್ವಾದ್ರ ಬಸಣ್ಣ ಈ ಮನಿ ಇಡಂಗಿಲ್ಲ. ಮನಿ ಹ್ವಾದ್ರ ನಾ ಎಲ್ಲಿಗಿ ಹೋಗ್ಲಿ? ಅವನ ಹೇಣ್ತಿಗಿ ನಾ ಬ್ಯಾಡ. ನಿಮ್ಮವರಿಗಿ ಹೇಳಿ ಮಾಳಗಿ ಒಂದು ಮಾಡಿಸಿಕೊಡು."

ಅದೊಂದೇ ಅವರು ನನ್ನನ್ನು ಕೇಳಿದ್ದು.

ದೊಡ್ಡ ಸರ್ ಒಪ್ಪಿದರು. ಮಾಳಿಗೆಯನ್ನು ಟ್ರಸ್ಟಿನಿಂದ ದುರಸ್ತಿ ಮಾಡಿಸಬಹುದು, ಆದರೆ ಮಾಲೀಕತ್ವದ ಕಾಗದ ಸ್ಪಷ್ಟವಿರಬೇಕು, ವಂಶಾವಳಿ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಸಹಿ ಬೇಕು ಎಂದರು. ಬಸಣ್ಣ ತಮ್ಮ ಅಂಗಡಿಯಲ್ಲಿ ಕೂತು ಹೇಳಿದರು: "ನಾನೇ ಮಾಲಕ ಇದ್ದೀನ್ರಿ. ಎಲ್ಲಿ ಅಂತೀರಿ ಅಲ್ಲಿ ಸಹಿ ಹಾಕ್ತೀನಿ. ಮುಗೀತು." ನಿಜವಾಗಿಯೂ ಮುಗಿಯುತ್ತಿತ್ತು. ಒಂದು ಸಹಿಯ ಕಡತವನ್ನು ನಾನು ಕೊಟ್ಟಿದ್ದರೆ ದೊಡ್ಡ ಸರ್ ಎರಡನೆಯ ಸಲ ಕೇಳುತ್ತಿರಲಿಲ್ಲವೆಂದು ಆಮೇಲೆ ಅವರೇ ಹೇಳಿದರು. ಆದರೆ ನಾನು ಕಾಗದಪತ್ರಗಳನ್ನು ನೋಡುವಾಗ ಗುರಮ್ಮ ಮತ್ತು ಬಸಣ್ಣ ಇವರ ತಂದೆಗೆ ಒಬ್ಬ ತಮ್ಮನಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಆ ಚಿಕ್ಕಪ್ಪ ಸೊಲ್ಲಾಪುರದ ಬಟ್ಟೆ ಗಿರಣಿಗೆ ದುಡಿಯಲು ಹೋದವನು, ಮರಳಿ ಬರಲಿಲ್ಲ. ಮನೆ ಎರಡು ತಲೆಮಾರಿನಿಂದ ಪಾಲಾಗದೆ ಉಳಿದದ್ದು ಯಾರೂ ಕೇಳದೆ ಇದ್ದದ್ದರಿಂದ. ನಾನು ಕೇಳಿದೆ.

ಗುರಮ್ಮನ ಗೂಡಿನಲ್ಲಿದ್ದ ಒಂದು ಹಳೆಯ ಅಂಚೆ ಕಾರ್ಡಿನಿಂದ ವಿಳಾಸ ಸಿಕ್ಕಿತು. ಕಾರ್ಡು ಕೊಡುವಾಗ ಗುರಮ್ಮ ನನ್ನ ಕೈ ಹಿಡಿದು, "ಮಲಕೊಂಡಾವನ್ನ ಯಾಕ ಎಬ್ಬಸ್ತಿ?" ಎಂದರು.

"ಕಾಯ್ದೆ ಪ್ರಕಾರ ಬೇಕಾಗ್ತದ್ರಿ ಅಮ್ಮಾ. ಬರೇ ಒಪ್ಪಿಗೆ ಸಹಿ."

"ನಿನಗ ಗೊತ್ತಾಗಂಗಿಲ್ಲವಾ" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನೇ ಸೊಲ್ಲಾಪುರಕ್ಕೆ ಹೋದೆ. ಚಿಕ್ಕಪ್ಪನ ಮಗ ಚಂದ್ರಕಾಂತ ಸಿಕ್ಕರು. ಐವತ್ತೈದರ ಸಜ್ಜನ, ಒಂದು ಶಾಲೆಯ ಗುಮಾಸ್ತ. ಊರಿನಲ್ಲಿ ತಮಗೊಂದು ಮನೆ ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ನನ್ನ ಪಟ್ಟಿಯ ಪ್ರತಿಯನ್ನು ನಿಯಮದಂತೆ ಅವರಿಗೂ ಒಂದು ಕೊಟ್ಟೆ. ಅವರು ಪುಟ ತಿರುವುತ್ತ, "ಇಷ್ಟೆಲ್ಲಾ ಅದ ಏನ್ರಿ ಅಲ್ಲಿ?" ಎಂದರು. ಬರುವಾಗ ರೈಲಿನಲ್ಲಿ ನನಗೆ ಬಹಳ ಹೆಮ್ಮೆಯಾಗಿತ್ತು. ಕಳೆದುಹೋದ ಒಂದು ಕವಲನ್ನು ಕುಟುಂಬಕ್ಕೆ ಮರಳಿಸಿದ್ದೇನೆ ಎಂದುಕೊಂಡಿದ್ದೆ.

ಚಂದ್ರಕಾಂತ ಹದಿನೈದು ದಿನಕ್ಕೆ ಸೇಡಂಗೆ ಬಂದರು. ಜೊತೆಗೆ ಹಳೆಯ ಕಟ್ಟಿಗೆ ಕೊಳ್ಳುವ ವ್ಯಾಪಾರಿಯೊಬ್ಬನಿದ್ದ. ದೊಡ್ಡ ಊರುಗಳ ಹೋಟೆಲಿಗೆ, ಬಂಗಲೆಗೆ ಹಳೆಯ ಬಾಗಿಲು, ಕಂಬ ಒದಗಿಸುವವನು. ಅವನ ಕೈಯಲ್ಲಿ ನನ್ನ ಪಟ್ಟಿಯ ಝೆರಾಕ್ಸ್ ಇತ್ತು. 'ಅ' ಎಂದಿದ್ದ ಕಡೆಯೆಲ್ಲ ಪೆನ್ನಿನಿಂದ ಸುತ್ತು ಹಾಕಿದ್ದ.

ಒಂದು ತಿಂಗಳೊಳಗೆ ಅಣ್ಣತಮ್ಮಂದಿರ ಮಕ್ಕಳು ವಾಟ್ನಿ ಮಾಡಿಕೊಳ್ಳಲು ಕೂತರು. ಅಂದರೆ ಆಸ್ತಿ ಹಂಚಿಕೊಳ್ಳಲು. ಪಟ್ಟಿ ಓದಲು ನನ್ನನ್ನೇ ಕರೆಸಿದರು, ಅಕ್ಷರ ನನ್ನದಲ್ಲವೇ ಎಂದು. ಹೋಗಬಾರದಿತ್ತು. ಹೋದರೆ ಏನಾದರೂ ಉಳಿಸಬಹುದೇನೋ ಎಂದುಕೊಂಡು ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಊರಿನ ನಾಲ್ಕು ಹಿರಿಯರು, ಬಸಣ್ಣ, ಚಂದ್ರಕಾಂತ, ಗೋಡೆಗೊರಗಿ ವ್ಯಾಪಾರಿ. ಗುರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ವಾಟ್ನಿ ಅಂದ್ರ ಬಡದಾಟ ಇರ್ತದ" ಎಂದು ಬಸಣ್ಣ ಹಿರಿಯರಿಗೆ ಹೇಳಿದರು. "ನಮಗ ನೋಡ್ರಿ, ಮೇಡಮ್ಮೋರು ಎಲ್ಲಾ ಬರಾಬರ್ ನಂಬರ್ ಹಾಕಿ ಇಟ್ಟಾರ. ಜಗಳಾಡಾಕ ಜಾಗಾನೇ ಇಲ್ಲ."

ಹಿರಿಯರು ನಕ್ಕರು. ಹೊಗಳಿಕೆಯೆಂದೇ ಅವರು ಹೇಳಿದ್ದು.

ನಾನು ಓದಿದೆ. ಒಂದು, ಹೆಬ್ಬಾಗಿಲು, ಸಾಗವಾನಿ, ಅ. ಎರಡು, ಹೆಬ್ಬಾಗಿಲ ಅಗಳಿ, ಆ. ಬೆಸ ಸಂಖ್ಯೆ ಒಬ್ಬರಿಗೆ, ಸರಿ ಸಂಖ್ಯೆ ಇನ್ನೊಬ್ಬರಿಗೆ ಎಂದು ಶುರು ಮಾಡಿ, ಆಮೇಲೆ ಅದಲುಬದಲು ಮಾಡಿಕೊಂಡರು. ಜೋಡಿ ಕಂಬಗಳು ಒಡೆದುಹೋದವು. ಹದಿನೇಳು ಚಂದ್ರಕಾಂತರಿಗೆ, ಹದಿನೆಂಟು ಬಸಣ್ಣನವರಿಗೆ. "ಈ ಎರಡೂ ಒಂದೇ ತೊಲೆಯನ್ನು ಹೊತ್ತಿವೆ" ಎಂದು ನಡುವೆ ಹೇಳಿದೆ. "ಹೌದ್ರಿ, ತೊಲಿ ಹತ್ತೊಂಬತ್ತು, ಅದರ್ದು ಬ್ಯಾರೆ ಬರ್ತದ, ಓದ್ರಿ" ಎಂದರು ಒಬ್ಬ ಹಿರಿಯರು. ತೊಂಬತ್ತನಾಲ್ಕು ಓದಿದಾಗ ವ್ಯಾಪಾರಿ ಬೇಡ ಎಂದು ಕೈಯಾಡಿಸಿದ. ಯಾರೂ ಅದನ್ನು ಕೇಳಲಿಲ್ಲ. ಮುಂದಕ್ಕೆ ಓದಿದೆ.

ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಗುರಮ್ಮನಿಗೆ ಹೇಳಿದೆ: "ಅಮ್ಮಾ, ನಿಮಗೂ ಪಾಲದ. ಹೆಣ್ಣುಮಕ್ಕಳಿಗೂ ಅಷ್ಟೇ ಹಕ್ಕದ. ನೀವು ಸಹಿ ಹಾಕ್ಲಿಲ್ಲಂದ್ರ ಅವರು ಏನೂ ಮಾಡಾಕ ಬರಂಗಿಲ್ಲ."

ಅವರು ಚಹಾದ ಲೋಟಗಳನ್ನು ತೊಳೆಯುತ್ತಿದ್ದರು. "ಗೊತ್ತದ. ಟಿವ್ಯಾಗ ಹೇಳ್ತಾರ. ಪಾಲ ಕೇಳಿದ್ರ ಪಾಲ ಸಿಗತದ, ತಮ್ಮ ಹೋಗ್ತಾನ. ಈ ವಯಸ್ಸಿನ್ಯಾಗ ನಾ ಪಾಲ ತಗೊಂಡು ಯಾರ ಮನಿ ಮುಂದ ಕುಂದ್ರಲಿ?"

"ಹಂಗಾದ್ರ ಎಲ್ಲಿರ್ತೀರಿ?"

"ಬಸಣ್ಣ ನೋಡಕೋತಾನಂತ ಹಿರೇರ ಮುಂದ ಹೇಳ್ಯಾನಲ್ಲ" ಎಂದರು. ಆಮೇಲೆ ಕೈ ಒರೆಸಿಕೊಂಡು ಹೊರಗೆ ಬಂದು, ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಸಹಿ ಹಾಕಿದರು. ನಾಲ್ಕನೆಯ ತರಗತಿ ತನಕ ಓದಿದವರು. ಹೆಸರನ್ನು ನಿಧಾನವಾಗಿ, ದುಂಡಗೆ ಬರೆದರು.

ಮನೆ ಬಿಚ್ಚಲು ಎಂಟು ದಿನ ಸಾಕಾಯಿತು. ಚೀಟಿಗಳು ಇದ್ದುದರಿಂದ ಕೆಲಸ ಬೇಗ ಆಯಿತು. ಮಾಳಿಗೆಯ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸಿದರು. ನಾನು ಮೂರನೆಯ ದಿನ ಹೋಗಿ, ಹೆಬ್ಬಾಗಿಲನ್ನು ಲಾರಿಗೆ ಏರಿಸುವುದನ್ನು ನೋಡಿದೆ. ಅದರ ಚೀಟಿ ಇನ್ನೂ ಅದರಲ್ಲೇ ಇತ್ತು, ನಾನು ಕಟ್ಟಿದ ಗಂಟು ಬಿಚ್ಚಿರಲಿಲ್ಲ. ಆ ಬಾಗಿಲು ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ. ಅಂಗನವಾಡಿ ಬೇರೆ ಓಣಿಗೆ ಹೋಯಿತು. ಗಿರಣಿಯವರು ಊರ ಹೊರಗೆ ಶೆಡ್ ಹಾಕಿಕೊಂಡರು.

ನಾನು ದೊಡ್ಡ ಸರ್ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಕಡತವನ್ನು ತೆರೆದು ನೋಡಿ, "ನಿಯಮದ ಪ್ರಕಾರವೇ ಮಾಡಿದ್ದೀರಿ. ಇಂಥ ಪಟ್ಟಿ ನಮ್ಮಲ್ಲಿ ಬೇರೆ ಇಲ್ಲ. ಮನೆ ಹೋದರೂ ದಾಖಲೆ ಉಳಿಯಿತಲ್ಲ" ಎಂದರು. ಸಮಾಧಾನ ಹೇಳಲೆಂದೇ ಅಂದದ್ದು. ಮುಂದಿನ ತರಬೇತಿಗೆ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ ಎಂದೂ ಹೇಳಿದರು. ನಾನು ಬೇಡ ಎನ್ನಲಿಲ್ಲ. ಆ ಹೊತ್ತಿಗೆ ನನಗೆ ಯಾವುದಕ್ಕೂ ಬೇಡ ಎನ್ನುವ ಅಧಿಕಾರ ಉಳಿದಿದೆ ಎನಿಸಲಿಲ್ಲ.

ನೀವು ಕೇಳಬಹುದು, ಹಾಗಾದರೆ ಪಟ್ಟಿ ಮಾಡಬಾರದೇ ಎಂದು. ನನಗೆ ಗೊತ್ತಿಲ್ಲ. ಪಟ್ಟಿ ಇಲ್ಲದ್ದಕ್ಕೆ ಚಿಂಚೋಳಿಯ ಗೋಡೆ ಹೋಯಿತು, ಇದ್ದದ್ದಕ್ಕೆ ಸೇಡಂನ ಮನೆ. ದರ್ಜೆಯ ಅಂಕಣವನ್ನು ಮಾತ್ರ ಮನೆಯವರಿಗೆ ಕೊಡುವ ಪ್ರತಿಯಲ್ಲಿ ಬರೆಯಬೇಡಿ. ಇಷ್ಟು ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ಹೇಳುವ ಧೈರ್ಯ ನನಗಿಲ್ಲ.

ಗುರಮ್ಮ ನಾಲ್ಕು ತಿಂಗಳು ಬಸಣ್ಣನ ಮನೆಯಲ್ಲಿದ್ದು, ಆಮೇಲೆ ಸುಲೇಪೇಟದಲ್ಲಿ ತಾಯಿಯ ಕಡೆಯ ತಂಗಿಯೊಬ್ಬಳ ಮಗಳ ಮನೆಗೆ ಹೋದರೆಂದು ತಿಳಿಯಿತು. ಒಂದು ದಿನ ಮಧ್ಯಾಹ್ನ ಅವರು ಶಹಾಬಾದಿನ ಸಂಗ್ರಹಾಲಯಕ್ಕೆ ಬಂದರು. ಎರಡು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಟಿಕೆಟ್ ತೆಗೆದುಕೊಂಡು ಒಳಗೆ ಬಂದದ್ದು ನನಗೆ ಗೊತ್ತಾದದ್ದು ಅವರು ನನ್ನ ಮೇಜಿನ ಮುಂದೆ ನಿಂತಾಗ. ಒಂದು ಸುತ್ತು ಎಲ್ಲ ನೋಡಿದರು. ಬೀಸುವ ಕಲ್ಲಿನ ಮುಂದೆ ನಿಂತು, "ಇದನ್ನ ಉಲ್ಟಾ ಕೂಡಿಸ್ಯಾರ" ಎಂದರು. ನಿಜ, ಮೇಲಿನ ಕಲ್ಲು ತಿರುವಾಗಿತ್ತು. ಅಷ್ಟು ವರ್ಷ ಯಾರೂ ಗಮನಿಸಿರಲಿಲ್ಲ.

ಹಿಂದಿನ ಅಂಗಳಕ್ಕೆ ಬಂದು ನೆರಳಿನಲ್ಲಿ ಕೂತೆವು. ಅಲ್ಲಿ ಕಾವಲುಗಾರನ ಖೋಲಿಯೊಂದಿದೆ. ಕ್ಯಾಮೆರಾ ಹಾಕಿದ ಮೇಲೆ ಕಾವಲುಗಾರನನ್ನು ಬಿಡಿಸಿದ್ದರು, ಖೋಲಿಗೆ ಬೀಗ ಬಿದ್ದಿತ್ತು.

"ಇದು ಖಾಲಿ ಅದ ಏನು?" ಎಂದರು.

"ಹೂಂ ರಿ."

"ಇಲ್ಲಿ ಕಸಾ ಹೊಡಿಯಾಕ, ಬಂದವರಿಗಿ ಹೇಳಾಕ ಯಾರರ ಬೇಕಾಗ್ತದಿಲ್ಲ? ನನಗ ಪಗಾರ ಬ್ಯಾಡ. ಈ ಖೋಲಿ ಕೊಟ್ರ ಸಾಕು. ಒಲಿ ಒಂದು ಇಟ್ಕೋತೀನಿ. ನಿಮ್ಮ ದೊಡ್ಡ ಸಾಹೇಬರಿಗಿ ನೀ ಒಂದು ಮಾತು ಕೇಳು." ಸೆರಗಿನಿಂದ ಬೆವರು ಒರೆಸಿಕೊಂಡು, "ಸುಲೇಪೇಟದಾಗ ಅವರು ಛಲೋ ನೋಡ್ತಾರ. ಆದ್ರ ನಾ ಅಲ್ಲಿ ಏನ್ ಮಾಡ್ಲಿ? ಬೆಳಗಿಂದ ಕುಂತೇ ಇರ್ತೀನಿ. ಅವರ ಮನ್ಯಾಗ ಒಂದು ಡಬ್ಬಿ ಎಲ್ಲದ ಅಂತ ನನಗ ಗೊತ್ತಿಲ್ಲ" ಎಂದರು.

ಕೇಳುತ್ತೇನೆ ಎಂದೆ. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಆ ದಿನವೇ ಕೇಳಿದೆ. ದೊಡ್ಡ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸದವರು ಗುತ್ತಿಗೆಯ ಏಜೆನ್ಸಿಯ ಮೂಲಕವೇ ಬರಬೇಕು, ಅದಕ್ಕೆ ವಯಸ್ಸಿನ ಮಿತಿ ಇದೆ, ಆವರಣದಲ್ಲಿ ಯಾರೂ ವಾಸ ಮಾಡುವಂತಿಲ್ಲ ಎಂದರು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಎರಡು ಸಲ ಬರೆದುಕೊಟ್ಟೆ. ಎರಡನೆಯದಕ್ಕೆ ಉತ್ತರ ಬರಲಿಲ್ಲ. ಅದೇ ವರ್ಷ ನನ್ನ ಕರಾರು ಮುಗಿಯಿತು, ಹುದ್ದೆ ರದ್ದಾಯಿತು. ಬೇರೆ ಹುದ್ದೆಗೆ ಅರ್ಜಿ ಹಾಕಿ ಎಂದರು. ಹಾಕಲಿಲ್ಲ.

ಇನ್ನು ಉತ್ತರ ಬರುವುದಿಲ್ಲ ಎಂದು ತಿಳಿದ ಮೇಲೂ ಗುರಮ್ಮನಿಗೆ ಫೋನ್ ಮಾಡಲು ನನಗೆ ಒಂಬತ್ತು ದಿನ ಬೇಕಾಯಿತು. ತಂಗಿಯ ಮಗಳು ಎತ್ತಿ ಅವರ ಕೈಗೆ ಕೊಟ್ಟಳು.

"ಅಮ್ಮಾ, ಖೋಲಿ ಆಗಂಗಿಲ್ಲಂತ್ರಿ."

"ಯಾಕಂತ?"

"ವಯಸ್ಸು ಅಡ್ಡ ಬರ್ತದಂತ್ರಿ."

"ಹೌದು, ವಯಸ್ಸ ಆಗ್ಯಾದ" ಎಂದರು. ಆ ಕಡೆ ಕುಕ್ಕರು ಕೂಗಿತು. ಯಾರೋ ಅವರಿಗೆ ಪಕ್ಕಕ್ಕೆ ಸರಿಯಿರಿ ಎಂದದ್ದು ಕೇಳಿಸಿತು. ಆಮೇಲೆ ಅವರ ದನಿ ಸ್ವಲ್ಪ ಹತ್ತಿರವಾಯಿತು. "ಇರಲಿ ಬಿಡವಾ. ನೀ ಏನ್ ಮಾಡ್ತಿ ಅದಕ್ಕ? ಉಂಡೇನು?"

"ಉಂಡೀನ್ರಿ" ಎಂದೆ. ಉಂಡಿರಲಿಲ್ಲ.

"ಆಗಾಗ ಫೋನ್ ಹಚ್ಚು."

ಹಚ್ಚುತ್ತೇನೆ ಎಂದು ಇಟ್ಟೆ. ಇನ್ನೂ ಹಚ್ಚಿಲ್ಲ.